ಆಕಾಶದ ಚಿತ್ರವೂ ನೆಲದ ಸಾಕ್ಷಿಯೂ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಅರ್ಥವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮಾಗಡಿಯ ದಾರಿಯಲ್ಲಿ ಹೋಗುವವರಿಗೆ ಸಾವನದುರ್ಗವು ಒಂದೇ ಕಲ್ಲಿನ ನುಣುಪಾದ ಗುಡ್ಡದಂತೆ ತೋರುವುದು. ಅದನ್ನು ಹತ್ತಿದವರಿಗೆ ಮಾತ್ರವೇ ಅದರ ಬಿರುಕುಗಳೂ, ಮುಳ್ಳುಪೊದೆಗಳೂ, ಮಳೆನೀರು ನಿಲ್ಲುವ ದೊಣೆಗಳೂ ತಿಳಿದಿರುವುವು. ಹಾಗಾದರೆ ಏಳುನೂರು ಕಿಲೋಮೀಟರು ಎತ್ತರದಿಂದ ನಮ್ಮ ಊರು, ಕೆರೆ, ಕಾಡುಗಳನ್ನು ನೋಡುತ್ತಿರುವ ಕಣ್ಣಿಗೆ ಏನು ತೋರುವುದು, ಏನು ತೋರದು? ಈ ಪ್ರಶ್ನೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಈಗ ಓದುತ್ತಿರುವ ಹೆಣ್ಣುಮಕ್ಕಳ ತಾಯಿತಂದೆಗಳ ಮುಂದೆಯೂ ಇಡಬೇಕೆಂದು ನಮಗೆ ತೋರಿದೆ. ಉಪಗ್ರಹಗಳ ಮಾತು ಪಂಡಿತರಿಗೆ ಮಾತ್ರ ಸೇರಿದುದೆಂದು ಅನೇಕರು ತಿಳಿದಿರುವರು. ನಮ್ಮ ಅಭಿಪ್ರಾಯವು ಹಾಗಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಸಂಸಾರ ಮಾಡಿಕೊಂಡಿರುವ ಪ್ರತಿಯೊಬ್ಬ ತಾಯಿಗೂ ಇದು ತನ್ನ ಮನೆಯ ಕೊಡದ ನೀರಿನಷ್ಟೇ ಹತ್ತಿರದ ವಿಷಯವಾಗಿದೆ.

ಮೇಲಿನಿಂದ ನೆಲವನ್ನು ನೋಡಬೇಕೆಂಬ ಆಸೆಯು ಹೊಸದಲ್ಲ. ೧೮೫೮ರಲ್ಲಿಯೇ ಫ್ರಾನ್ಸ್ ದೇಶದ ನಾದಾರ್ ಎಂಬ ಛಾಯಾಗ್ರಾಹಕನು ಬೆಲೂನಿನಲ್ಲಿ ಏರಿ ಪ್ಯಾರಿಸ್ ನಗರದ ಸಮೀಪದ ನೆಲದ ಚಿತ್ರವನ್ನು ತೆಗೆದನು. ಮುಂದೆ ವಿಮಾನಗಳು ಈ ಕೆಲಸಕ್ಕೆ ಒದಗಿದುವು. ನಮ್ಮ ದೇಶದಲ್ಲಿ ೧೯೭೦ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಷಾರೋಟಿಯವರೂ ಅವರ ಸಂಗಡಿಗರೂ ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಚಿತ್ರಗಳನ್ನು ತೆಗೆದು, ಬೇರಿನ ರೋಗ ತಗುಲಿದ ಮರಗಳನ್ನು ಗುರುತಿಸುವ ಪ್ರಯತ್ನ ಮಾಡಿದರು. ೧೯೭೨ರಲ್ಲಿ ಅಮೆರಿಕದವರು ಲ್ಯಾಂಡ್‌ಸ್ಯಾಟ್ ಸಾಲಿನ ಮೊದಲ ಉಪಗ್ರಹವನ್ನು ಹಾರಿಸಿದರು. ೧೯೭೯ರಲ್ಲಿ ನಮ್ಮವರ ಭಾಸ್ಕರ ಉಪಗ್ರಹವು ಪರೀಕ್ಷಾರ್ಥವಾಗಿ ಭೂಮಿಯನ್ನು ನೋಡಿತು. ೧೯೮೮ರ ಮಾರ್ಚಿ ೧೭ರಂದು, ಬೆಂಗಳೂರಿನಲ್ಲಿ ಸಿದ್ಧವಾದ ಐಆರ್‌ಎಸ್-೧ಎ ಎಂಬ ಭೂವೀಕ್ಷಣೆಯ ಉಪಗ್ರಹವು ಸೋವಿಯತ್ ದೇಶದ ಬೈಕೊನೂರಿನಿಂದ ಮೇಲಕ್ಕೆ ಹೋಯಿತು. ಅದಕ್ಕೆ ಎರಡು ವರುಷ ಮೊದಲೇ, ೧೯೮೬ರಲ್ಲಿ, ಇಂತಹ ಚಿತ್ರಗಳನ್ನು ರಾಜ್ಯದ ಕೆಲಸಗಳಿಗೆ ಬಳಸುವುದಕ್ಕಾಗಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಬೆಂಗಳೂರಿನಲ್ಲಿ ಸ್ಥಾಪಿತವಾಗಿತ್ತು. ಬಹುಕಾಲ ಹಣ ತೆತ್ತು ಕೊಳ್ಳಬೇಕಾಗಿದ್ದ ಲ್ಯಾಂಡ್‌ಸ್ಯಾಟ್ ಚಿತ್ರಗಳು ೨೦೦೮ರಿಂದ ಎಲ್ಲರಿಗೂ ಉಚಿತವಾದುವು. ೨೦೦೯ರಲ್ಲಿ ಇಸ್ರೋ ಸಂಸ್ಥೆಯವರು ಭುವನ್ ಎಂಬ ಹೆಸರಿನಿಂದ ನಮ್ಮ ದೇಶದ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟರು. ಹೀಗೆ, ಒಂದು ಕಾಲದಲ್ಲಿ ಸರಕಾರದ ಬೀರುವಿನಲ್ಲಿ ಇರುತ್ತಿದ್ದುದು ಈಗ ಕೈಯಲ್ಲಿ ಹಿಡಿಯುವ ಮೊಬೈಲಿಗೆ ಬಂದಿದೆ.

ಈ ಕಣ್ಣು ನೋಡುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ. ಉಪಗ್ರಹವು ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕಾಣುವುದು. ಒಂದೊಂದು ಚೌಕಕ್ಕೆ ಒಂದೊಂದು ಲೆಕ್ಕವನ್ನು ಮಾತ್ರ ಬರೆದುಕೊಳ್ಳುವುದು. ಮೊದಲನೆಯ ಲ್ಯಾಂಡ್‌ಸ್ಯಾಟಿನ ಚೌಕವು ಸುಮಾರು ೮೦ ಮೀಟರಿನದು, ಎಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಮೆ ಒಂದೂವರೆ ಎಕರೆ. ಈಗಿನ ಲ್ಯಾಂಡ್‌ಸ್ಯಾಟಿನ ೩೦ ಮೀಟರಿನ ಚೌಕವು ಒಂಬತ್ತು ಗುಂಟೆಗೆ ಹತ್ತಿರ. ಯೂರೋಪಿನವರು ೨೦೧೫ರಿಂದ ಹಾರಿಸುತ್ತ ಬಂದಿರುವ ಸೆಂಟಿನೆಲ್-೨ ಉಪಗ್ರಹಗಳ ೧೦ ಮೀಟರಿನ ಚೌಕವು ಒಂದು ಗುಂಟೆಯಷ್ಟಿರುವುದು. ಅವು ಐದು ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದುಹೋಗುವುವು. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಇವು ಅಳೆಯುವುವು. ಆರೋಗ್ಯವಾದ ಎಲೆಯು ಆ ಬೆಳಕನ್ನು ಬಹಳವಾಗಿ ಹಿಂದಕ್ಕೆ ಎಸೆಯುವುದು. ನೀರು ಅದನ್ನು ನುಂಗಿಕೊಂಡು ಕಪ್ಪಾಗಿ ತೋರುವುದು. ಆದುದರಿಂದ ಎಲ್ಲಿ ಬೆಳೆಯಿದೆ, ಎಲ್ಲಿ ಬಂಡೆಯಿದೆ, ಎಲ್ಲಿ ನೀರಿದೆ ಎಂಬುದನ್ನು ಮೇಲಿನಿಂದಲೇ ವಿಂಗಡಿಸುವುದು ಸಾಧ್ಯವಾಗಿದೆ. ಇದಕ್ಕಿಂತಲೂ ದೊಡ್ಡ ಗುಣವೊಂದು ಈ ಚಿತ್ರಗಳಿಗೆ ಉಂಟು. ಅವು ಮರೆಯುವುದಿಲ್ಲ. ೧೯೭೦ರ ದಶಕದಲ್ಲಿ ತೆಗೆದ ಚಿತ್ರವು ಇಂದಿಗೂ ಹಾಗೆಯೇ ಇದೆ. ಅದರ ಪಕ್ಕದಲ್ಲಿ ಈ ವರುಷದ ಚಿತ್ರವನ್ನಿಟ್ಟು ಹೋಲಿಸಿ ನೋಡಬಹುದು.

ಇದರಿಂದ ನಮ್ಮ ಸೀಮೆಗೆ ಆದ ಉಪಕಾರವನ್ನು ಒಂದು ಉದಾಹರಣೆಯಿಂದ ತಿಳಿಸುವೆವು. ನಂದಿಬೆಟ್ಟದ ಕಡೆ ಹುಟ್ಟಿ, ತಿಪ್ಪಗೊಂಡನಹಳ್ಳಿ, ಮಂಚನಬೆಲೆಗಳನ್ನು ಹಾದು, ರಾಮನಗರ ಕನಕಪುರಗಳ ಮೂಲಕ ಹರಿದು, ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯು ನಮಗೆಲ್ಲರಿಗೂ ತಾಯಿಯಂತಿರುವ ನದಿ. ೧೯೩೦ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ ಬರುವ ನೀರು ದಶಕದಿಂದ ದಶಕಕ್ಕೆ ಇಳಿಯುತ್ತ ಹೋಗಿ, ೨೦೧೨ರ ಹೊತ್ತಿಗೆ ನಗರಕ್ಕೆ ಅಲ್ಲಿಂದ ನೀರು ಕಳುಹಿಸುವುದೇ ನಿಂತಿತು. ಮಳೆ ಕಡಮೆಯಾಯಿತೆಂದು ಜನರು ಹೇಳಿದರು. ಗೋಪಾಲ್ ಪೆನ್ನಿ, ವೀಣಾ ಶ್ರೀನಿವಾಸನ್ ಮೊದಲಾದ ವಿದ್ವಾಂಸರು ೧೯೭೩ರಿಂದ ೨೦೧೦ರ ವರೆಗಿನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಕೂಡಿಸಿ, ಅರ್ಕಾವತಿಯ ಜಲಾನಯನದ ಸುಮಾರು ೧,೭೦೦ ಕೆರೆಗಳಲ್ಲಿ ನೀರು ಎಷ್ಟು ಹರಡಿತ್ತೆಂಬುದನ್ನು ಅಳೆದರು. ಅವರ ಅಧ್ಯಯನವು ೨೦೧೮ರಲ್ಲಿ ಪ್ರಕಟವಾಯಿತು. ಒಂದು ವರುಷಕ್ಕೂ ಇನ್ನೊಂದು ವರುಷಕ್ಕೂ ಕಾಣುವ ವ್ಯತ್ಯಾಸದ ಬಹುಪಾಲು ಮಳೆಯಿಂದಲೇ ಎಂಬುದು ನಿಜವಾದರೂ, ಆ ಕಾಲದಲ್ಲಿ ಮಳೆಯು ಒಂದೇ ಸಮನೆ ಇಳಿಯುತ್ತ ಹೋದುದಕ್ಕೆ ಗುರುತು ಸಿಕ್ಕಲಿಲ್ಲ. ಮಳೆಯ ಲೆಕ್ಕವನ್ನು ಕಳೆದಮೇಲೆಯೂ ಜಲಾನಯನದ ಉತ್ತರ ಭಾಗದ ಕೆರೆಗಳು ಒಣಗುತ್ತ ಬಂದಿದ್ದುವು. ಈ ಒಣಗುವಿಕೆಯು ಅಂತರ್ಜಲವನ್ನು ಎತ್ತಿ ಬೇಸಾಯ ಮಾಡುವ ಪ್ರದೇಶಗಳೊಡನೆ ಹೆಚ್ಚಾಗಿ ಸೇರಿಕೊಂಡಿತ್ತು. ಹೀಗೆ ಮುಗಿಲಿನ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ನಮ್ಮ ಕೊಳವೆ ಬಾವಿಗಳ ಪಾಲು ದೊಡ್ಡದೆಂದು ತೋರಿಬಂದಿತು. ನೆಲದ ಮೇಲೆ ಅಷ್ಟು ಕೆರೆಗಳ ಲೆಕ್ಕವನ್ನು ನಲವತ್ತು ವರುಷ ಬರೆದಿಟ್ಟವರು ಯಾರೂ ಇರಲಿಲ್ಲ. ಆಕಾಶದ ಚಿತ್ರವಿಲ್ಲದಿದ್ದರೆ ಈ ಮಾತನ್ನು ಹೇಳುವುದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಉಂಟು. ಬೆಂಗಳೂರಿನ ಕೆಳಗಣ ಭಾಗದಲ್ಲಿ ಕೆರೆಗಳ ನೀರು ಹೆಚ್ಚಿತ್ತು. ಚಿತ್ರವನ್ನು ಮಾತ್ರ ನೋಡಿದವನು ಇದನ್ನು ಕಂಡು ಸಂತೋಷಪಡಬಹುದು. ಅದು ನಗರದ ಬಚ್ಚಲುನೀರಾಗಿರಬೇಕೆಂದು ಆ ವಿದ್ವಾಂಸರು ಎಚ್ಚರದಿಂದ ಬರೆದರು. ವೃಷಭಾವತಿಯ ದಡದಲ್ಲಿ ನಿಂತವರಿಗಾಗಲಿ, ಬಿಡದಿಯ ಸಮೀಪದ ಬೈರಮಂಗಲ ಕೆರೆಯ ಏರಿಯ ಮೇಲೆ ನಡೆದವರಿಗಾಗಲಿ ಇದನ್ನು ಹೇಳುವುದಕ್ಕೆ ವಿದ್ವಾಂಸರು ಬೇಕಿಲ್ಲ. ಅವರ ಮೂಗೇ ಹೇಳುವುದು. ಇನ್ನು ಚನ್ನಪಟ್ಟಣದ ಕಡೆ ಬಂದರೆ, ಇಗ್ಗಲೂರಿನ ಬಳಿ ಶಿಂಷಾ ನದಿಯ ನೀರನ್ನು ಯಂತ್ರಗಳಿಂದ ಎತ್ತಿ ಕೆರೆಗಳಿಗೆ ತುಂಬಿಸಿದುದನ್ನು ಕಾಣುವೆವು. ಆ ಕೆರೆಗಳಲ್ಲಿಯೂ ನೀರು ಥಳಥಳಿಸುವುದು. ಈಗ ಯೋಚಿಸಿ ನೋಡೋಣ. ಒಂದು ಕೆರೆಯಲ್ಲಿ ಮಳೆಯ ನೀರು, ಒಂದರಲ್ಲಿ ಬಚ್ಚಲಿನ ನೀರು, ಒಂದರಲ್ಲಿ ಯಂತ್ರವು ಎತ್ತಿ ಹಾಕಿದ ನೀರು. ನೀರು ಎಷ್ಟು ಹರಡಿದೆ ಎಂದಷ್ಟೇ ಅಳೆಯುವ ಚಿತ್ರದಲ್ಲಿ ಮೂರಕ್ಕೂ ಒಂದೇ ಬಣ್ಣ, ಮೂರಕ್ಕೂ ಒಂದೇ ಲೆಕ್ಕ. ಯಾವುದು ಎಲ್ಲಿಂದ ಬಂತೆಂಬುದನ್ನು ಆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವ ಹುಡುಗಿಯು ಬಲ್ಲಳು. ಆಕೆಯನ್ನು ಕೇಳಿದವರು ಯಾರು? ಆಕೆಯ ಮಾತನ್ನು ಬರೆದಿಟ್ಟವರು ಯಾರು?

ರಾಮದೇವರಬೆಟ್ಟದ ರಣಹದ್ದುಗಳ ಕಥೆಯೂ ಇದೇ ಬುದ್ಧಿಯನ್ನು ಹೇಳುವುದು. ೨೦೧೨ರಲ್ಲಿ ಅಲ್ಲಿ ಸುಮಾರು ೩೪೬ ಹೆಕ್ಟೇರು ಪ್ರದೇಶವು ರಣಹದ್ದುಗಳ ಅಭಯಧಾಮವೆಂದು ಘೋಷಿತವಾಯಿತು. ಆ ಬೆಟ್ಟದ ಬಂಡೆಗಳೂ ಕುರುಚಲು ಕಾಡೂ ಎಷ್ಟಿವೆ, ಕಲ್ಲುಗಣಿಗಳು ಎಷ್ಟು ದೂರದಲ್ಲಿವೆ ಎಂಬುದನ್ನೆಲ್ಲ ಉಪಗ್ರಹವು ಚೆನ್ನಾಗಿ ತೋರಿಸಬಲ್ಲದು. ಆದರೆ ದೇಶದಲ್ಲೆಲ್ಲ ರಣಹದ್ದುಗಳು ೧೯೯೦ರ ದಶಕದಿಂದೀಚೆಗೆ ಸಾಯತೊಡಗಿದುದು ಮುಖ್ಯವಾಗಿ ಕಾಡಿನ ಕೊರತೆಯಿಂದಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು ಅವುಗಳಿಗೆ ವಿಷವಾಯಿತು. ದನಗಳಿಗೆ ಆ ಔಷಧವನ್ನು ಕೊಡಕೂಡದೆಂದು ಸರಕಾರವು ೨೦೦೬ರಲ್ಲಿ ನಿಷೇಧಿಸಿತು. ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರು ಈ ಕಾರಣವನ್ನು ಕಂಡುಹಿಡಿದರಲ್ಲದೆ, ಮೇಲಿನಿಂದ ನೋಡಿದವರಲ್ಲ. ಬೆಟ್ಟವು ಚಿತ್ರದಲ್ಲಿ ಹಸುರಾಗಿಯೇ ಇದ್ದು, ಬೆಟ್ಟದ ಜೀವವು ಹಾರಿಹೋಗುವುದು ಸಾಧ್ಯ.

ಚಿತ್ರವು ಅರ್ಧ ಸತ್ಯವನ್ನು ಹೇಳಿದಾಗ ಹೇಗೆ ಅನ್ಯಾಯವಾಗಬಹುದೆಂಬುದನ್ನು ನಾವು ಬಲ್ಲ ಒಂದು ಊರಿನ ಸಂಗತಿಯಿಂದ ತಿಳಿಯಬಹುದು. ಊರಿನ ಹೆಸರನ್ನೂ ಜನರ ಹೆಸರನ್ನೂ ಹೇಳುವುದು ನಮಗೆ ಇಷ್ಟವಿಲ್ಲ. ಅಲ್ಲಿಯ ಕೆರೆಯು ಹತ್ತು ಹನ್ನೆರಡು ವರುಷ ತುಂಬಿರಲಿಲ್ಲ. ಅದರ ಅಂಗಳದಲ್ಲಿ ಜಾಲಿ ಬೆಳೆದಿತ್ತು. ಊರಿನ ಸಭೆಯಲ್ಲಿ ಒಬ್ಬರು ಉಪಗ್ರಹದ ಚಿತ್ರಗಳನ್ನು ತೋರಿಸಿ, “ವರುಷ ವರುಷದ ಚಿತ್ರ ಇಲ್ಲಿದೆ, ಒಂದರಲ್ಲಿಯೂ ನೀರಿಲ್ಲ; ಇದನ್ನು ಇನ್ನೂ ಕೆರೆಯೆಂದು ಕರೆಯುವುದೇಕೆ? ಬೇರೆ ಕೆಲಸಕ್ಕೆ ಬರಲಿ” ಎಂದರು. ಚಿತ್ರವು ಸುಳ್ಳಾಗಿರಲಿಲ್ಲ, ಆದುದರಿಂದ ಹಿರಿಯರೆಲ್ಲ ಬಾಯಿ ಕಟ್ಟಿದವರಂತೆ ಕುಳಿತರು. ಆಗ ನಮ್ಮ ಶಾಲೆಯಲ್ಲಿ ಓದಿ ಆ ಊರಿಗೆ ಸೊಸೆಯಾಗಿ ಹೋಗಿದ್ದ ಹೆಣ್ಣುಮಗಳೊಬ್ಬಳು ಎದ್ದು, “ಯಜಮಾನರೇ, ಹತ್ತು ವರುಷದ ಚಿತ್ರ ತಂದಿರಿ, ನಲವತ್ತು ವರುಷದ ಚಿತ್ರವೂ ಅಲ್ಲಿಯೇ ಇದೆಯಲ್ಲವೇ, ಅದನ್ನೂ ತೆಗೆಸಿ” ಎಂದು ಕೇಳಿದಳು. ತೆಗೆಸಿ ನೋಡಿದರೆ ಹಳೆಯ ಚಿತ್ರಗಳಲ್ಲಿ ಕೆರೆಯ ಜಾಗವು ಕಪ್ಪಾಗಿ ಎದ್ದು ತೋರಿತು. ಆಕೆಯ ಅತ್ತೆಯು ಕೋಡಿಯ ಕಲ್ಲು ಎಲ್ಲಿ ಹೂತಿದೆಯೆಂಬುದನ್ನು ತೋರಿಸಿಕೊಟ್ಟರು. ಮಾತು ಅಲ್ಲಿಗೆ ನಿಂತಿತು. ೨೦೨೨ರ ಆಗಸ್ಟ್ ತಿಂಗಳ ಕೊನೆಯಲ್ಲಿ ರಾಮನಗರ ಚನ್ನಪಟ್ಟಣಗಳ ಹೆದ್ದಾರಿಯೇ ಮುಳುಗುವಂತೆ ಮಳೆ ಸುರಿದಾಗ, ಆ ಕೆರೆಗೂ ನೀರು ಬಂದಿತು. ನೀರು ತನ್ನ ಮನೆಯನ್ನು ಮರೆತಿರಲಿಲ್ಲ. ಅಲ್ಲಿ ಮನೆಗಳನ್ನು ಕಟ್ಟಿಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಈ ಸಂಗತಿಯಿಂದ ನಮಗೆ ಎರಡು ಪಾಠಗಳು ದೊರೆಯುವುವು. ಚಿತ್ರವನ್ನು ಓದಬಲ್ಲವನು ಒಬ್ಬನೇ ಇದ್ದರೆ, ಅವನು ಹೇಳಿದುದೇ ಸತ್ಯವಾಗುವುದು. ಓದಬಲ್ಲವರು ಇಬ್ಬರಿದ್ದರೆ ಮಾತ್ರ ಪ್ರಶ್ನೆಗೆ ಅವಕಾಶ. ಇದು ಮೊದಲನೆಯದು. ಚಿತ್ರದೊಡನೆ ನೆಲದ ಸಾಕ್ಷಿಯೂ ಸೇರಿದರಲ್ಲದೆ ತೀರ್ಪು ನಿಲ್ಲದು. ಇದು ಎರಡನೆಯದು. ಹಿಂದೆ ಪ್ರತಿ ಊರಿನಲ್ಲಿಯೂ ನೀರುಗಂಟಿಯೆಂಬವನಿದ್ದು, ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದನು. ಕೆರೆಯ ಆರೋಗ್ಯವು ಅವನ ಕಣ್ಣಿನಲ್ಲಿತ್ತು. ಈಗ ಬಹಳ ಊರುಗಳಲ್ಲಿ ಆ ಕಣ್ಣು ಇಲ್ಲ. ಆಕಾಶದಲ್ಲಿ ಕಣ್ಣುಗಳು ಹೆಚ್ಚಿದ ಕಾಲದಲ್ಲಿಯೇ ಏರಿಯ ಮೇಲಿನ ಕಣ್ಣು ಮುಚ್ಚಿಹೋದುದು ನಮಗೆ ದುಃಖಕರವಾಗಿ ತೋರುವುದು.

ಆದುದರಿಂದ ನಮ್ಮ ಸಲಹೆಯು ಹೀಗಿದೆ. ನಮ್ಮ ಶಾಲೆಯ ಪ್ರತಿಯೊಂದು ಮೇಲಿನ ತರಗತಿಯವರೂ ಒಂದೊಂದು ಕೆರೆಯನ್ನು ತಮ್ಮದೆಂದು ವಹಿಸಿಕೊಂಡು, ಅದಕ್ಕೆ ಒಂದು ‘ಕೆರೆಯ ಪುಸ್ತಕ’ವನ್ನು ಇಡತಕ್ಕುದು. ತಿಂಗಳಿಗೊಮ್ಮೆ, ಗೊತ್ತಾದ ದಿನದಲ್ಲಿ, ಗೊತ್ತಾದ ಕಲ್ಲಿನ ಬಳಿ ನಿಂತು, ನೀರು ಎಲ್ಲಿಯ ವರೆಗೆ ಇದೆ, ಅದು ಮಳೆಯದೋ ಕೊಳಚೆಯದೋ ಯಂತ್ರದಿಂದ ಬಂದುದೋ, ಅದರ ಬಣ್ಣವೇನು, ವಾಸನೆಯೇನು, ಯಾವ ಹಕ್ಕಿಗಳು ಇಳಿದಿವೆ, ಅಂತರಗಂಗೆಯು ನೀರನ್ನು ಮುಚ್ಚಿದೆಯೇ, ಅಚ್ಚುಕಟ್ಟಿನಲ್ಲಿ ರಾಗಿಯೋ ಹಿಪ್ಪುನೇರಳೆಯೋ ನೀಲಗಿರಿಯೋ ಎಂಬುದನ್ನು ಬರೆಯಬೇಕು. ಬಳಿಕ ಆ ದಿನಕ್ಕೆ ಹತ್ತಿರವಾದ ಉಪಗ್ರಹದ ಚಿತ್ರವನ್ನು ಶಾಲೆಯ ಕಂಪ್ಯೂಟರಿನಲ್ಲಿ ತೆಗೆದು, ಎರಡನ್ನೂ ಹೋಲಿಸಬೇಕು. ಅಂತರಗಂಗೆ ಮುಚ್ಚಿದ ಕೆರೆಯು ಚಿತ್ರದಲ್ಲಿ ಹಸುರು ಹೊಲದಂತೆ ತೋರುವುದನ್ನೂ, ನೀಲಗಿರಿಯ ತೋಪು ಕಾಡಿನಂತೆ ತೋರುವುದನ್ನೂ ಮಕ್ಕಳು ತಾವೇ ಕಂಡುಕೊಳ್ಳುವರು. ಹಳ್ಳಿಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿ ಸೋದರಿಯರು ತಮ್ಮ ತಮ್ಮ ಊರಿನ ಕೆರೆಗೆ ಇಂತಹ ಪುಸ್ತಕವನ್ನು ಇಟ್ಟರೆ, ಹತ್ತು ವರುಷಗಳಲ್ಲಿ ನಾಲ್ಕು ತಾಲ್ಲೂಕುಗಳಿಗೆ ಯಾವ ಕಚೇರಿಯಲ್ಲಿಯೂ ಸಿಕ್ಕದ ಭಂಡಾರವೊಂದು ಕೂಡುವುದು. ಕೆರೆಯ ಎಲ್ಲೆಯ ವಿಷಯದಲ್ಲಿ ಸಂದೇಹ ಬಂದರೆ, ನಿಂತ ಜಾಗದ ಸರ್ವೆ ನಂಬರನ್ನು ತಿಳಿಸುವ ‘ದಿಶಾಂಕ್’ ಎಂಬ ಸಾಧನವನ್ನು ಮೇಲೆ ಹೇಳಿದ ದೂರಸಂವೇದಿ ಕೇಂದ್ರದವರೇ ಸಿದ್ಧಪಡಿಸಿಕೊಟ್ಟಿರುವರು. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರತಕ್ಕುದು; ಈ ಪುಸ್ತಕಗಳನ್ನು ಆ ಸಮಿತಿಗಳ ಮುಂದೆಯೂ ಗ್ರಾಮಸಭೆಯ ಮುಂದೆಯೂ ಇಡಬಹುದು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಅರಿಯೆವೆಂದಲ್ಲ. ಪರೀಕ್ಷೆಯ ಓದು ಕೆಡುವುದೆಂದು ಕೆಲವು ತಂದೆಗಳು ಹೇಳುವರು. ತಿಂಗಳಿಗೆ ಒಂದು ಬೆಳಗಿನ ಕೆಲಸದಿಂದ ಯಾವ ಓದೂ ಕೆಡದು. ಭೂಗೋಳ, ಗಣಿತ, ವಿಜ್ಞಾನಗಳು ಅಲ್ಲಿಯೇ ಒಟ್ಟಾಗಿ ಸಿಕ್ಕುವುವು. ಕೆರೆ, ಕಲ್ಲುಗುಂಡಿಗಳ ಬಳಿಗೆ ಹೆಣ್ಣುಮಕ್ಕಳನ್ನು ಕಳುಹಿಸುವುದು ಹೇಗೆಂದು ತಾಯಂದಿರು ಅಂಜುವರು. ಆ ಅಂಜಿಕೆಯು ನ್ಯಾಯವಾದುದೇ. ಉಪಾಧ್ಯಾಯಿನಿಯೋ ಮನೆಯ ಹಿರಿಯರೋ ಜೊತೆಯಲ್ಲಿರದೆ ಯಾರೂ ಹೋಗಕೂಡದು. ಏರಿಯನ್ನು ಬಿಟ್ಟು ನೀರಿಗೆ ಇಳಿಯಕೂಡದು. ಹುಡುಗಿಯರು ಬರೆದುದನ್ನು ಯಾರು ನಂಬುವರೆಂಬುದು ಮೂರನೆಯ ಆಕ್ಷೇಪಣೆ. ದಿನ ತಪ್ಪದೆ, ಅಳತೆ ತಪ್ಪದೆ, ಕಂಡುದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚಿಸದೆ ಬರೆದ ಲೆಕ್ಕವನ್ನು ನಂಬದೆ ಇರುವುದು ಕಷ್ಟ. ಅಂತಹ ಶಿಸ್ತನ್ನು ಕಲಿಸುವುದಕ್ಕಾಗಿಯೇ ಅಲ್ಲವೇ ನಮ್ಮ ಶಾಲೆಯು ಇರುವುದು? ವಿಜ್ಞಾನಿಗಳು ಕೂಡ ತಮ್ಮ ಚಿತ್ರಗಳ ಓದು ಸರಿಯೋ ತಪ್ಪೋ ಎಂಬುದನ್ನು ನೆಲದ ಮೇಲಿನ ಲೆಕ್ಕದೊಡನೆ ಹೋಲಿಸಿಯೇ ತಿಳಿಯುವರು.

ಹೆಣ್ಣುಮಕ್ಕಳಿಗೆ ಇದು ದೂರದ ವಿದ್ಯೆಯೆಂದೂ ಯಾರೂ ತಿಳಿಯಬಾರದು. ಮುಂಗಾರಿನ ಮೋಡಗಳು ಕವಿದಾಗ ಸಾಮಾನ್ಯವಾದ ಉಪಗ್ರಹದ ಕಣ್ಣು ಕುರುಡಾಗುವುದು. ನೆರೆ ಬಂದ ದಿನವೇ ಅದಕ್ಕೆ ನೆಲ ಕಾಣದು. ಮೋಡವನ್ನು ತೂರಿ, ರಾತ್ರಿಯಲ್ಲಿಯೂ ನೋಡಬಲ್ಲ ರೇಡಾರ್ ಉಪಗ್ರಹಗಳು ಆಗ ಬೇಕು. ನಮ್ಮ ದೇಶದಲ್ಲಿಯೇ ಸಿದ್ಧವಾಗಿ ೨೦೧೨ರ ಏಪ್ರಿಲಿನಲ್ಲಿ ಹಾರಿದ ರಿಸ್ಯಾಟ್-೧ ಎಂಬ ಅಂತಹ ಉಪಗ್ರಹಕ್ಕೆ ಯೋಜನಾ ನಿರ್ದೇಶಕಿಯಾಗಿದ್ದವರು ಎನ್. ವಳರ್ಮತಿ ಎಂಬ ಮಹಿಳೆ. ಅವರು ೨೦೨೩ರಲ್ಲಿ ತೀರಿಕೊಂಡರು. ೨೦೨೫ರ ಜುಲೈ ೩೦ರಂದು ಇಸ್ರೋ ಮತ್ತು ನಾಸಾ ಸಂಸ್ಥೆಗಳು ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹವು ಶ್ರೀಹರಿಕೋಟೆಯಿಂದ ಹಾರಿತು. ಇಂತಹ ಉಪಗ್ರಹಗಳು ಕಳುಹಿಸುವ ಚಿತ್ರಗಳನ್ನು ಓದುವವರು ನಮ್ಮ ಮಕ್ಕಳಲ್ಲಿಯೂ ಇರಬೇಕೆಂಬುದು ನಮ್ಮ ಬಯಕೆ. ಅವರು ಮೊದಲು ತಮ್ಮ ಊರಿನ ಕೆರೆಯನ್ನು ಓದಿದವರಾಗಿರಲಿ ಎಂಬುದು ಅದಕ್ಕಿಂತ ಹೆಚ್ಚಿನ ಬಯಕೆ.

ಪವಿತ್ರ ಗ್ರಂಥದಲ್ಲಿ ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ ನೋಹನ ಕಥೆಯನ್ನು ಇಲ್ಲಿ ನೆನೆಯಬಹುದು. ಜಲಪ್ರಳಯದ ಬಳಿಕ ನಾವೆಯ ಎತ್ತರದಲ್ಲಿದ್ದ ನೋಹನು ಕಿಟಕಿಯನ್ನು ತೆರೆದನು. ಆದರೆ ಅಷ್ಟರಿಂದಲೇ ನೆಲವು ಬದುಕಿದೆಯೆಂದು ತೀರ್ಮಾನಿಸಲಿಲ್ಲ. ಪಾರಿವಾಳವನ್ನು ಹೊರಗೆ ಬಿಟ್ಟನು. ಅದು ಹೋಗಿ ನೆಲದಿಂದ ಹಸುರಾದ ಎಲೆಯೊಂದನ್ನು ಕೊಕ್ಕಿನಲ್ಲಿ ಹಿಡಿದು ತಂದಮೇಲೆ ನೀರು ಇಳಿದಿದೆಯೆಂದು ತಿಳಿದನು. ಇಂದು ನಮ್ಮ ವಿಜ್ಞಾನಿಗಳು ಬಹಳ ಎತ್ತರದ ಕಿಟಕಿಯೊಂದನ್ನು ತೆರೆದಿರುವರು. ಅದಕ್ಕಾಗಿ ಅವರಿಗೆ ನಾವು ಕೃತಜ್ಞರು. ಎಲೆಯನ್ನು ತರುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ. ಮುಂದಿನ ಸಂಚಿಕೆಯು ಹೊರಬರುವ ಹೊತ್ತಿಗೆ, ನಾಲ್ಕು ತಾಲ್ಲೂಕುಗಳಿಂದ ಒಂದೊಂದಾದರೂ ಕೆರೆಯ ಪುಸ್ತಕವು ಶಾಲೆಯ ಮೇಜಿನ ಮೇಲೆ ಬಂದಿರಲೆಂದು ಆಶಿಸುವೆವು. ಈ ಪ್ರಯತ್ನವನ್ನು ದೇವರು ಆಶೀರ್ವದಿಸಲೆಂದು ಬೇಡುವೆವು.